ಸೋಂಕಿನ ಮಾತ್ರೆಗೂ ತಲೆಗೂ ಏನು ಸಂಬಂಧ?

ಔಷಧಿ ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತು. 'ಅಮ್ಮ ಲಿಥಿಯಂ ತಗೊಳ್ತಾರೆ, ಜೊತೆಗೆ ಇದನ್ನೂ ಕೊಡಬಹುದಾ?' ಎಂದು ಹುಡುಗಿಯೊಬ್ಬಳು ಕೇಳಿದಳು. 'ಇದು ಬರೀ ಆಂಟಿಬಯೋಟಿಕ್ಕಮ್ಮ, ತಲೆಗೂ ಇದಕ್ಕೂ ಏನೂ ಸಂಬಂಧ ಇಲ್ಲ' ಎಂದಿತು ಕೌಂಟರಿನಾಚೆಯ ದನಿ. ಅಂದಿನಿಂದ ಅದು ತಲೆ ಕೊರೆಯುತ್ತಿದೆ.

ಸಂಬಂಧವೇನು, ನಂಟಸ್ತಿಕೆಯೇ ಇದೆ. ಖಿನ್ನತೆಯ ಮೊದಮೊದಲ ಮಾತ್ರೆಗಳಲ್ಲೊಂದಾದ ಐಪ್ರೊನಿಯಜಿಡ್ ಬಂದದ್ದೇ ಕ್ಷಯಕ್ಕೆಂದು. 1952ರ ಹೊತ್ತಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಅದನ್ನು ನುಂಗಿದ ಕ್ಷಯರೋಗಿಗಳು ವಾರ್ಡಿನಲ್ಲೇ ಕುಣಿದರಂತೆ. ನರಕೋಶಗಳ ನಡುವೆ ಸುದ್ದಿ ಒಯ್ಯುವ ಸಿರೊಟೋನಿನ್ನನ್ನು ಒಡೆಯುವ ಕಿಣ್ವವನ್ನು ಅದು ಕಟ್ಟಿಹಾಕುತ್ತಿತ್ತು. ಅದರ ಸೋದರ ಐಸೊನಿಯಜಿಡ್ ಇಂದಿಗೂ ನಮ್ಮ ಕ್ಷಯರೋಗಿಗಳ ನಿತ್ಯದ ಮಾತ್ರೆ; ಮಿತಿಮೀರಿದರೆ ಬಿ6 ಜೀವಸತ್ವಕ್ಕೆ ಅಡ್ಡಬಂದು, ಮಿದುಳನ್ನು ತಣ್ಣಗಿಡುವ ಗಾಬಾ ತಗ್ಗಿಸಿ, ಫಿಟ್ಸ್ ತರಿಸುತ್ತದೆ. 2005ರಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಇಲಿಗಳ ಮಿದುಳಿನಲ್ಲಿ ಗ್ಲುಟಮೇಟ್ ಹೀರುವ ಪ್ರೋಟೀನನ್ನು ಹೆಚ್ಚಿಸಿದ್ದು ಕಂಡು ಎಎಲ್‌ಎಸ್ ಎಂಬ ನರರೋಗ ಇರುವವರಿಗೆ ಆಸೆ ಹುಟ್ಟಿತು. ದೊಡ್ಡ ಪ್ರಯೋಗದಲ್ಲಿ ಅದು ಫಲಿಸಲಿಲ್ಲ.

ಲಿಥಿಯಂ ಸಿಕ್ಕರೆ ನಾನು ಬೇಗ ಬಿಡುವುದಿಲ್ಲವೆಂದು ಹಳೆಯ ಓದುಗರಿಗೆ ಗೊತ್ತು. ಆಸ್ಟ್ರೇಲಿಯಾದ ಜಾನ್ ಕೇಡ್‌ಗೆ ಉನ್ಮಾದದ ರೋಗಿಗಳ ಮೂತ್ರದಲ್ಲಿ ಏನೋ ವಿಷವಿದೆ ಎಂಬ ಗುಮಾನಿ. ಪ್ರಯೋಗಕ್ಕೆ ಯೂರಿಕ್ ಆಮ್ಲ ಬೇಕು, ಅದು ನೀರಲ್ಲಿ ಸರಿಯಾಗಿ ಕರಗದು. ಲಿಥಿಯಂ ಯೂರೇಟ್ ಕರಗುತ್ತದೆ. ಲಿಥಿಯಂ ಒಳಬಂದದ್ದು ಅಷ್ಟಕ್ಕೇ! ಚುಚ್ಚಿಸಿಕೊಂಡ ಗಿನಿಪಿಗ್‌ಗಳು, ಅಂಗಾತ ಮಲಗಿಸಿದರೂ ಕೊಸರಾಡದೆ ಸುಮ್ಮನೆ ನೋಡುತ್ತಿದ್ದವು. ಅದು ನೆಮ್ಮದಿಯೋ ವಿಷದ ಮಂಪರೋ, ತಕರಾರಿದೆ. 1949ರಲ್ಲಿ ಆತ ಪ್ರಕಟಿಸಿದ ಹತ್ತು ಉನ್ಮಾದ ರೋಗಿಗಳ ವರದಿ ಮಾತ್ರ ಚರಿತ್ರೆಯಾಯಿತು. ಲಿಥಿಯಂ ನರಕೋಶದ ಒಳಹೊಕ್ಕು ಇನೊಸಿಟಾಲ್ ಮರಳಿ ಒದಗಿಸುವ ಕಿಣ್ವವನ್ನೂ, ಜಿಎಸ್‌ಕೆ-3 ಎಂಬ ಇನ್ನೊಂದನ್ನೂ ತಡೆಯುತ್ತದೆ. ಮನಸ್ಸು ಹದಕ್ಕೆ ಬರುವುದು ಇವೆರಡರಲ್ಲಿ ಯಾವುದರಿಂದ ಎಂಬ ಜಗಳ ಇನ್ನೂ ಮುಗಿದಿಲ್ಲ. ಇಷ್ಟಿರುವಾಗ ಪತ್ರಿಕಾ ಪುರವಣಿಗಳು 'ಮಿದುಳಿನ ರಾಸಾಯನಿಕ ಏರುಪೇರು' ಎಂದು ಕೈತೊಳೆದುಕೊಳ್ಳುವುದನ್ನು ಕಂಡರೆ ಮೈ ಉರಿಯುತ್ತದೆ.

ಇಷ್ಟು ಬರೆದ ಮೇಲೆ ಹೊಳೆಯುತ್ತಿದೆ, ಆ ಹುಡುಗಿ ಕೇಳಿದ್ದು ಇದನ್ನಲ್ಲ. ಎರಡೂ ಒಟ್ಟಿಗೆ ಹೊಟ್ಟೆಗೆ ಬಿದ್ದರೆ ಏನಾಗುತ್ತದೆಂದು ಕೇಳಿದಳು. ಅದಕ್ಕೆ ಮಿದುಳು ಬಿಟ್ಟು ಮೂತ್ರಪಿಂಡ, ಯಕೃತ್ತುಗಳ ಕಡೆ ನೋಡಬೇಕು. ಲಿಥಿಯಂ ದೇಹ ಬಿಡುವುದು ಮೂತ್ರಪಿಂಡದ ದಾರಿಯಲ್ಲಿ. ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಜೊತೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಬಹುದು. ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಮದ್ದು. 1.5 ದಾಟಿದರೆ ಕೈನಡುಕ, ವಾಂತಿ, ತೊದಲು ಶುರು. ಉನ್ಮಾದದ ಇನ್ನೊಂದು ಮದ್ದು, ಯಕೃತ್ತಿನಲ್ಲಿ ಒಡೆಯುವ ವಾಲ್‌ಪ್ರೊಯೇಟ್ ತೆಗೆದುಕೊಳ್ಳುವವರಿಗೆ ಮೆರೊಪೆನೆಮ್ ಎಂಬ ಆಂಟಿಬಯೋಟಿಕ್ ಚುಚ್ಚಿದರಂತೂ ಒಂದೆರಡು ದಿನದಲ್ಲೇ ವಾಲ್‌ಪ್ರೊಯೇಟ್ ಮಟ್ಟ ಪಾತಾಳಕ್ಕಿಳಿಯುತ್ತದೆ. ಡೋಸ್ ಏರಿಸಿದರೂ ಸಾಮಾನ್ಯವಾಗಿ ಮೇಲೇಳದು.

ಮನೋವೈದ್ಯರ ಚೀಟಿಯನ್ನು ನೆಂಟರ ಕಣ್ಣಿಗೆ ಬೀಳದಂತೆ ಬೀರುವಿನಲ್ಲಿಡುವ ಮನೆಗಳು ನಮ್ಮಲ್ಲಿ ಬಹಳ. ನೆಂಟರಿಂದ ಮುಚ್ಚಿಡಿ, ಬೇಕಾದರೆ. ಜ್ವರಕ್ಕೆ ಮದ್ದು ಬರೆಯುವ ಡಾಕ್ಟರಿಗೆ ಮಾತ್ರ ದಯವಿಟ್ಟು ತೋರಿಸಿ; ಅವರು ಹೇಳುವವರೆಗೆ ಎರಡರಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.