ಚಡ್ಡಿಯ ಜಾತಕ

ಆಸ್ಟ್ರೇಲಿಯಾಕ್ಕೆ ಬಂದವರೆಲ್ಲ ಒಂದಲ್ಲ ಒಂದು ಹುಚ್ಚು ಹಿಡಿಸ್ಕೋತಾರೆ. ನಮ್ಮ ಕನ್ನಡ ಹುಡುಗರಲ್ಲಿ ಕೆಲವರಿಗೆ ಬಾರ್ಬೆಕ್ಯೂ, ಕೆಲವರಿಗೆ ಫುಟಿ. ನನಗೆ ಹಿಡಿದಿದ್ದು ಆಪ್ ಶಾಪ್. ಅಂದ್ರೆ ಜನ ದಾನ ಕೊಟ್ಟ ಹಳೇ ಬಟ್ಟೆ, ಪಾತ್ರೆ, ಪುಸ್ತಕ ಮಾರೋ ಅಂಗಡಿ. ಅದರಲ್ಲೂ ಸರ್ಫ್ ಕಂಪನಿಗಳ ಟೀ ಶರ್ಟು, ಚಡ್ಡಿ ಕಂಡ್ರೆ ಕೈ ತಾನಾಗೇ ಹೋಗುತ್ತೆ. ನನಗೆ ಈಜೋಕೂ ಬರಲ್ಲ, ಅದು ಬೇರೆ ಮಾತು :)

ಪರ್ತ್, ಬ್ರಿಸ್ಬೇನ್ ಮುಗಿಸಿ ಈಗ ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿದ್ದೀನಿ. ಮೂರು ಊರಲ್ಲೂ ಅಂಗಡಿಯವರು ಹೇಳೋ ಮಾತು ಒಂದೇ: "ಇದು ಎಂಬತ್ತರ ದಶಕದ್ದು." ಬೆಲೆ ಕೂಡ ಹಾಗೇ ಇರುತ್ತೆ. ನಾನು ಇಂಜಿನಿಯರ್ ನೋಡಿ, ಬಾಯಿಮಾತು ನಂಬಲ್ಲ. ಒಳಗಿನ ಲೇಬಲ್ ತಿರುವಿ ಹಾಕ್ತೀನಿ.

ಮೊದಲನೇ ಮೋಸ ಎದೆ ಮೇಲೇ ಇರುತ್ತೆ. ಟೀ ಶರ್ಟ್ ಮೇಲೆ ದೊಡ್ಡದಾಗಿ 1973 ಅಂತ ಬರೆದಿದ್ರೆ ಅದು ಬಿಲ್ಲಬಾಂಗ್ ಹುಟ್ಟಿದ ವರ್ಷ, ಗೋಲ್ಡ್ ಕೋಸ್ಟ್‌ನಲ್ಲಿ ಗಾರ್ಡನ್ ಮರ್ಚೆಂಟ್ ಚಡ್ಡಿ ಹೊಲಿಯೋಕೆ ಶುರು ಮಾಡಿದ ವರ್ಷ. 1969 ಅಂತಿದ್ರೆ ಕ್ವಿಕ್‌ಸಿಲ್ವರ್ ಅಥವಾ ರಿಪ್ ಕರ್ಲ್. ಎರಡೂ ವಿಕ್ಟೋರಿಯಾದ ಟಾರ್ಕಿ ಅನ್ನೋ ಒಂದೇ ಊರಲ್ಲಿ, ಒಂದೇ ವರ್ಷ ಶುರುವಾದವು. ಎಂಟಿಆರ್ ಬೋರ್ಡಿನಲ್ಲಿ 1924 ಅಂತಿದ್ರೆ ನಿಮ್ಮ ತಟ್ಟೆಯ ದೋಸೆ 1924ರದ್ದಲ್ಲ ತಾನೇ? ಇದೂ ಹಾಗೇ.

ಎರಡನೇ ಮೋಸ ಡಿಸೈನು. ಕ್ವಿಕ್‌ಸಿಲ್ವರ್‌ನ ಹಳೇ ಬೋರ್ಡ್ ಶಾರ್ಟ್ಸ್‌ನಲ್ಲಿ ಜಿಪ್ ಬದಲು ಪ್ರೆಸ್ ಬಟನ್, ವೆಲ್ಕ್ರೋ ಇರ್ತಿತ್ತು. ಸೊಂಟದ ಪಟ್ಟಿ ಮುಂದೆ ಇಳಿದು ಹಿಂದೆ ಏರಿರುತ್ತೆ. ಆದ್ರೆ ಕಂಪನಿಗಳೇ ಹಳೇ ಡಿಸೈನನ್ನ ಮತ್ತೆ ಮತ್ತೆ ಹೊಲಿಸಿ ಮಾರ್ತವೆ. ಹೊರಗಿನ ವೇಷ ಎಪ್ಪತ್ತರದ್ದು, ಒಳಗೆ ನೋಡಿದ್ರೆ ಲೇಬಲ್ ಮೇಲೆ ವೆಬ್‌ಸೈಟ್ ವಿಳಾಸ! ಅಲ್ಲಿಗೆ ಮುಗೀತು. ಎಷ್ಟೇ ಹಳೇದು ಅಂದ್ರೂ ತೊಂಬತ್ತರ ದಶಕದ ಮಧ್ಯಕ್ಕಿಂತ ಹಿಂದೆ ಹೋಗಲ್ಲ.

ಟೀ ಶರ್ಟ್ ಆದ್ರೆ ತೋಳಿನ ಅಂಚು ನೋಡಿ. ಹೊಲಿಗೆ ಒಂದೇ ಸಾಲಿದ್ರೆ ಸಾಮಾನ್ಯವಾಗಿ ತೊಂಬತ್ತರ ದಶಕದ ಮಧ್ಯಕ್ಕಿಂತ ಹಿಂದಿನದು. ಆದ್ರೆ ಇದೊಂದನ್ನೇ ನಂಬಿಕೊಂಡು ದುಡ್ಡು ಕೊಡಬೇಡಿ, ಈಗಲೂ ಹಾಗೆ ಹೊಲಿಯೋರು ಇದ್ದಾರೆ. ಚಿತ್ರದ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ಕಾಪಿರೈಟ್ ವರ್ಷ ಇದ್ರೆ, ಶರ್ಟು ಅದಕ್ಕಿಂತ ಹಳೇದಾಗಿರೋಕೆ ಸಾಧ್ಯವಿಲ್ಲ. ಹೊಸದಾಗಿರಬಹುದು.

ನನಗೆ ತುಂಬಾ ಇಷ್ಟ ಅಂದ್ರೆ ಫೋನ್ ನಂಬರು. ಊರೂರಿನ ಸರ್ಫ್ ಅಂಗಡಿಗಳು ತಮ್ಮ ಹೆಸರು, ನಂಬರು ಬೆನ್ನ ಮೇಲೆ ಅಚ್ಚು ಹಾಕಿಸ್ತಿದ್ವು. ಪರ್ತ್‌ನಲ್ಲಿ ನನಗೆ ಸಿಕ್ಕ ಒಂದು ಶರ್ಟಿನ ಮೇಲೆ ಕೋಡ್ 09, ಆಮೇಲೆ ಏಳು ಅಂಕಿ. ಈಗ ಪರ್ತ್ ಕೋಡ್ 08, ನಂಬರು ಎಂಟು ಅಂಕಿ. 1994ರಿಂದ 1998ರೊಳಗೆ ದೇಶದ ನಂಬರುಗಳೆಲ್ಲ ಬದಲಾದವು. ಅಂದ್ರೆ ಆ ಶರ್ಟು ನನಗಿಂತ ದೊಡ್ಡದು, "ಅಣ್ಣಾ" ಅನ್ನಬೇಕು.

ಇನ್ನು ಎಲ್ಲಕ್ಕಿಂತ ದೊಡ್ಡ ಸಾಕ್ಷಿ ದೇಶದ ಹೆಸರು. ಹಳೇದರಲ್ಲಿ "ಮೇಡ್ ಇನ್ ಆಸ್ಟ್ರೇಲಿಯಾ" ಅಂತಿರುತ್ತೆ. ಇಲ್ಲಿನ ಸರ್ಕಾರ ಆಮದು ಬಟ್ಟೆಯ ಕೋಟಾನ 1993ರಲ್ಲಿ ತೆಗೆದುಹಾಕ್ತು. ಸುಂಕ 2000ದ ಹೊತ್ತಿಗೆ ಶೇಕಡಾ 25ಕ್ಕೆ ಇಳೀತು, 2005ಕ್ಕೆ 17.5, 2010ಕ್ಕೆ 10, 2015ಕ್ಕೆ 5. ಸುಂಕ ಇಳಿದ ಹಾಗೆ ಲೇಬಲ್ ಮೇಲೆ ಚೀನಾ, ಇಂಡಿಯಾ, ಬಾಂಗ್ಲಾದೇಶ ಬಂದವು. ಸರ್ಫ್ ಚಡ್ಡಿಯ ವಯಸ್ಸು ಹೇಳೋದು ಸಮುದ್ರ ಅಲ್ಲ, ಬಜೆಟ್ಟು!

ಇದನ್ನ ನನಗೆ ಅರ್ಥ ಮಾಡಿಸಿದ್ದು ಪಕ್ಕದ ಮನೆ ವಿಯೆಟ್ನಾಮಿ ಅಜ್ಜಿ. ಬಟ್ಟೆ ಒಣಗಿಸೋ ತಂತಿ ಮೇಲೆ ನನ್ನ ಆಸ್ಟ್ರೇಲಿಯಾ ಲೇಬಲ್ಲಿನ ಚಡ್ಡಿ ನೋಡಿ ಬೇಲಿ ಹತ್ರ ಬಂದ್ರು. ಒಳಮಗ್ಗಲು ತಿರುಗಿಸಿ, ಹೊಲಿಗೆ ಮೇಲೆ ಹೆಬ್ಬೆರಳು ಆಡಿಸಿ, "ಇದು ಫ್ಯಾಕ್ಟರಿ ಅಲ್ಲ, ಮನೆ" ಅಂದ್ರು. ತೊಂಬತ್ತರ ದಶಕದಲ್ಲಿ ಅವರೂ ಗ್ಯಾರೇಜಿನಲ್ಲಿ ಮೆಷಿನ್ ಇಟ್ಕೊಂಡು ಹೊಲೀತಿದ್ರಂತೆ. ಕತ್ತರಿಸಿದ ಬಟ್ಟೆ ವ್ಯಾನಿನಲ್ಲಿ ಬರೋದು, ಹೊಲಿದಿದ್ದು ವ್ಯಾನಿನಲ್ಲಿ ಹೋಗೋದು. ಗಂಟೆ ಲೆಕ್ಕ ಇಲ್ಲ, ಪೀಸ್ ಲೆಕ್ಕ. ಮಕ್ಕಳು ಸ್ಕೂಲಿಂದ ಬಂದು ದಾರ ಕತ್ತರಿಸೋವು. ಯಾವ ಕಂಪನಿಗೆ ಅಂತ ಅವರಿಗೂ ಗೊತ್ತಿರ್ಲಿಲ್ಲ, ಲೇಬಲ್ ಬೇರೆ ಕಡೆ ಹಾಕ್ತಿದ್ರು. 1995ರಲ್ಲಿ ಇಲ್ಲಿನ ಬಟ್ಟೆ ಕಾರ್ಮಿಕರ ಯೂನಿಯನ್ "ದಿ ಹಿಡನ್ ಕಾಸ್ಟ್ ಆಫ್ ಫ್ಯಾಶನ್" ಅಂತ ಒಂದು ವರದಿ ತಂದಿದ್ದು ಇಂಥವರ ಬಗ್ಗೆನೇ. ಆಮೇಲೆ ಒಂದು ದಿನ ವ್ಯಾನ್ ಬರೋದು ನಿಂತುಹೋಯ್ತು ಅಂದ್ರು ಅಜ್ಜಿ. ಯಾವ ವರ್ಷ ಅಂತ ಕೇಳ್ದೆ. 2000ದ ಒಲಿಂಪಿಕ್ಸ್ ಆದ್ಮೇಲೆ ಅಂದ್ರು. ಸುಂಕದ ಪಟ್ಟಿಗೂ ಅವರ ಮಾತಿಗೂ ತಾಳೆ ಆಗುತ್ತೆ.

ಆ ಕೆಲಸ ಎಲ್ಲಿಗೆ ಹೋಯ್ತು ಅಂತ ನಾನು ಹುಡುಕಬೇಕಾಗಿಲ್ಲ. ನಾನು ಸ್ಕೂಲಿಗೆ ಹೋಗ್ತಿದ್ದಾಗ ನಮ್ಮ ಚಿಕ್ಕಮ್ಮ ಟಿಫನ್ ಡಬ್ಬಿ ಹಿಡ್ಕೊಂಡು ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗ್ತಿದ್ರು. 2005ರ ಜನವರಿಯಲ್ಲಿ ಅಮೆರಿಕ, ಯೂರೋಪಿನ ಕೋಟಾನೂ ಹೋಯ್ತು, ಬೆಂಗಳೂರಲ್ಲಿ ಆರ್ಡರ್ ಮೇಲೆ ಆರ್ಡರ್. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯೋಕೆ ಬಿಡಲ್ಲ ಅಂತ ಕೇಂದ್ರ ಹೊಸ ನಿಯಮ ತಂದಾಗ ಸಾವಿರಾರು ಹೆಂಗಸರು ಬೀದಿಗಿಳಿದು ಊರನ್ನೇ ನಿಲ್ಲಿಸಿಬಿಟ್ರಲ್ಲ, ನಿಯಮ ವಾಪಸ್ ಹೋಯ್ತಲ್ಲ, ಆವತ್ತು ಚಿಕ್ಕಮ್ಮನೂ ತುಮಕೂರು ರೋಡಲ್ಲಿ ನಿಂತಿದ್ರು.

ಹೋದ ಭಾನುವಾರ "ಮೇಡ್ ಇನ್ ಇಂಡಿಯಾ" ಚಡ್ಡಿಯೊಂದರ ಫೋಟೋ ಚಿಕ್ಕಮ್ಮನಿಗೆ ಕಳಿಸಿದ್ದೆ.

"ಯಾರೋ ಬಿಟ್ಟಿದ್ದನ್ನ ಯಾಕೋ ಹಾಕ್ಕೋತೀಯ, ಇಂಜಿನಿಯರ್ ಆಗಿ?"

"ವಯಸ್ಸು ಹೇಳು ಚಿಕ್ಕಮ್ಮ."

"ಬ್ರ್ಯಾಂಡ್ ಲೇಬಲ್ ಬಿಡು. ಪಕ್ಕದ ಹೊಲಿಗೆ ಒಳಗೆ ಇನ್ನೊಂದು ಚಿಕ್ಕ ಲೇಬಲ್ ಇರುತ್ತೆ, ಅದರ ಹಿಂದೆ ನೋಡು. ಸ್ಟೈಲ್ ನಂಬರ್, ಆರ್ಡರ್ ನಂಬರ್ ಇರುತ್ತೆ. ನಮಗೆ ಎಣಿಸಿ ಕೊಡೋರು, ಉಳಿದಿದ್ದನ್ನ ಎಣಿಸಿ ವಾಪಸ್ ತಗೊಳ್ಳೋರು."

ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಮಾಸಿದ ಅಕ್ಷರದಲ್ಲಿ ಸ್ಟೈಲ್ ನಂಬರು, ಪಕ್ಕದಲ್ಲಿ 07. ಅಂಗಡಿಯ ಚೀಟಿಯಲ್ಲಿ "ವಿಂಟೇಜ್, ಎಂಬತ್ತರ ದಶಕ, 40 ಡಾಲರ್" ಅಂತಿತ್ತು. ಲೇಬಲ್ ತೋರಿಸಿ 8 ಡಾಲರಿಗೆ ತಂದಿದ್ದೆ. ಅದನ್ನ ಹೇಳಿದ್ರೆ ಚಿಕ್ಕಮ್ಮ ಜೇಬಿನ ಬಾಯಿ ಹತ್ರ ತೋರಿಸು ಅಂದ್ರು. ತೋರಿಸ್ದೆ.

"ಬಾರ್ ಟ್ಯಾಕ್ ಓರೆ ಬಿದ್ದಿದೆ. ನಮ್ಮ ಲೈನಲ್ಲಿ ಆಗಿದ್ರೆ ಪಾಸ್ ಮಾಡ್ತಿರ್ಲಿಲ್ಲ."