ಚಳಿಗೆ ಸ್ಟಾರ್ಟ್ ಆಗದ ಡೀಸೆಲ್ ಕಾರು, ನೋಡದೆ ಬದಲಿಸುವ ನಾವು

ಪೇಪರಿನಲ್ಲಿ "ಶಿವಾಜಿನಗರ ಕನಿಷ್ಠ 9 ಡಿಗ್ರಿ" ಅಂತ ಬಂದರೆ ನನಗೆ ಸ್ವೆಟರ್‌ಗಿಂತ ಮೊದಲು ಕಾರು ನೆನಪಾಗುತ್ತದೆ. 1928ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಪುಣೆಗೆ ಬಂತಲ್ಲ, ಆ ಸಿಮ್ಲಾ ಆಫೀಸ್ ಕಟ್ಟಡ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಅಲ್ಲಿ ಪಾದರಸ ಇಳಿದರೆ ಇಲ್ಲಿ ನನ್ನ 2008ರ ಡೀಸೆಲ್ ಕಾರು ಮುನಿಸಿಕೊಳ್ಳುತ್ತಿತ್ತು.

ಹೋದ ವರ್ಷ ಡಿಸೆಂಬರಿನಲ್ಲಿ ಅಪ್ಪನ ತಿಥಿಗೆ ಧಾರವಾಡಕ್ಕೆ ಹೋಗಬೇಕು. 400 ಕಿ.ಮೀ. ಮೇಲಿನ ದಾರಿ. ನಸುಕಿನ 4 ಗಂಟೆಗೆ ಕೀಲಿ ತಿರುಗಿಸಿದರೆ ಎಂಜಿನ್ ಗರಗರ ತಿರುಗುತ್ತದೆ, ಹಿಂದೆ ಬಿಳಿ ಹೊಗೆ, ಸ್ಟಾರ್ಟ್ ಮಾತ್ರ ಇಲ್ಲ! ಬಿಸಿಲೇರಿದ ಮೇಲೆ ಹೊರಟು ಮುಟ್ಟುವಷ್ಟರಲ್ಲಿ ತಮ್ಮ ಎಲ್ಲ ಮುಗಿಸಿದ್ದ. ಅವ್ವ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ವಾಪಸು ಬಂದು ಗ್ಯಾರೇಜ್ ಅಲೆದೆ. ಒಬ್ಬರು ಬ್ಯಾಟರಿ ಬದಲಿಸಿದರು, ರೋಗ ಹೋಗಲಿಲ್ಲ. ಇನ್ನೊಬ್ಬರು ಪಂಪ್ ಬಿಚ್ಚೋಣ ಅಂದರು. ಮೂರನೆಯವರು "ಗುಜರಿಗೆ ಹಾಕಿ ಸಾಹೇಬ್" ಅಂದರು. 2023ರಲ್ಲಿ ತಪಾಸಣೆ ಮಾಡಿಸಿ ಇನ್ನೂ 5 ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡ ಕಾರು ಅದು! ಮೀಟರ್ ಹಚ್ಚಿ ನೋಡಿದವರು ಒಬ್ಬರೂ ಇಲ್ಲ. ಬ್ಯಾಲೆನ್ಸ್ ಶೀಟ್ ನೋಡದೆ ನಾನು ಸಾಲ ಮಂಜೂರು ಮಾಡಿದರೆ ನನ್ನ ನೌಕರಿ ಉಳಿದೀತೇ, ಹೇಳಿ?

ನಾನು ಬಿ.ಕಾಂ., ಎಂಜಿನಿಯರ್ ಅಲ್ಲ. ಓದಿ ತಿಳಿದದ್ದು ಇಷ್ಟು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಬೇಕು. ಚಳಿಯಲ್ಲಿ ಆ ಬಿಸಿ ಸಾಲದು. ಅದಕ್ಕೇ ಸಿಲಿಂಡರಿಗೊಂದು ಗ್ಲೋ ಪ್ಲಗ್, ಒಲೆಗೆ ಕೆಂಡ ಇಟ್ಟ ಹಾಗೆ.

ಮೊದಲು ಹೊಗೆ ನೋಡಿ. ಸ್ಟಾರ್ಟರ್ ತಿರುಗುವಾಗ ಹೊಗೆಯೇ ಇಲ್ಲವೆಂದರೆ ಬಹುಶಃ ಡೀಸೆಲ್ ಮುಟ್ಟುತ್ತಿಲ್ಲ. ಫಿಲ್ಟರ್ ನೋಡಿ, ಪೈಪಿನಲ್ಲಿ ಗಾಳಿ ಸೇರಿದೆಯೇ ನೋಡಿ. ಬಿಳಿ ಹೊಗೆಯೆಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಆಗ ಬ್ಯಾಟರಿ: ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು, ಸ್ಟಾರ್ಟರ್ ತಿರುಗುವಾಗ 10ಕ್ಕಿಂತ ತೀರಾ ಕೆಳಗಿಳಿಯಬಾರದು. ಆಮೇಲೆ ಗ್ಲೋ ಪ್ಲಗ್: ಮೇಲಿನ ವೈರ್ ಪಟ್ಟಿ ತೆಗೆದು ಒಂದೊಂದಕ್ಕೂ ಮೀಟರ್ ಹಚ್ಚಿ. ಒಳ್ಳೆಯದು 1 ಓಮ್ ಆಸುಪಾಸು ತೋರಿಸುತ್ತದೆ. ಸುಟ್ಟದ್ದರಲ್ಲಿ ಸರ್ಕ್ಯೂಟೇ ಇರುವುದಿಲ್ಲ. ಪ್ಲಗ್ ಸರಿಯಿದ್ದರೆ ರಿಲೇ, ಫ್ಯೂಸ್. ಅವೂ ಸರಿಯಿದ್ದರೆ ಕಂಪ್ರೆಷನ್ ಟೆಸ್ಟ್. ಬಿಚ್ಚುವ ಮಾತು ಅದಾದ ಮೇಲೆ.

ನನ್ನ ಕಾರಿನ 4ರಲ್ಲಿ 2 ಪ್ಲಗ್ ಸುಟ್ಟಿದ್ದವು. ಬೇಸಿಗೆಯೆಲ್ಲ ಅದು ಗೊತ್ತೇ ಆಗಿರಲಿಲ್ಲ. ಡ್ಯಾಶ್‌ಬೋರ್ಡಿನ ದೀಪ? ಎಂದಿನಂತೆ ಹತ್ತಿ ಆರುತ್ತಿತ್ತು! ಎಷ್ಟೋ ಹಳೆಯ ಕಾರುಗಳಲ್ಲಿ ಅದು ಬರೀ ಟೈಮರ್ ಲೆಕ್ಕ, ಪ್ಲಗ್ ಕಾದಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಚೆಕ್ ಮೇಲೆ ಸಹಿ ಇದೆ, ಖಾತೆಯಲ್ಲಿ ದುಡ್ಡಿಲ್ಲ...

ಇನ್ನೊಂದು ಮಾತು. ಈಥರ್ ಸ್ಪ್ರೇ ಹೊಡೆಯಿರಿ ಅನ್ನುವವರಿದ್ದಾರೆ. ಗ್ಲೋ ಪ್ಲಗ್ ಎಂಜಿನ್ನಿಗೆ ಬೇಡವೇ ಬೇಡ. ಕಾದ ಪ್ಲಗ್ಗಿಗೆ ತಾಗಿ ಅಕಾಲದಲ್ಲಿ ಹೊತ್ತಿದರೆ ಪಿಸ್ಟನ್ನೇ ಒಡೆದೀತು.

4 ಪ್ಲಗ್ಗಿನ ಖರ್ಚು ಆ ಹೊಸ ಬ್ಯಾಟರಿಯ ಅರ್ಧವೂ ಆಗಲಿಲ್ಲ. ನಸುಕಿನಲ್ಲಿ ಊರಿಗೆ ಹೊರಡುವ ನಮ್ಮಂಥವರು ಚಳಿಗೆ ಮುಂಚೆಯೇ ಇದನ್ನು ನೋಡಿಸಿಕೊಳ್ಳಬೇಕು, "ಬದಲಿಸಿ" ಅಂದವರಿಗೆ "ಮೊದಲು ಅಳೆದು ತೋರಿಸಿ" ಅನ್ನಬೇಕು.

ಈ ಸಲದ ತಿಥಿಗೆ ಭಟ್ಟರಿಗಿಂತ ಮೊದಲು ನಾನೇ ಮುಟ್ಟಿದ್ದೆ.