ಗೆಲುವಿನ ಪಟಾಕಿ ಯಾರ ಓಣಿಗೆ?

ಬೈಲಹೊಂಗಲವಿರಲಿ, ಕಿತ್ತೂರಿರಲಿ, ಸವದತ್ತಿ-ರಾಮದುರ್ಗಗಳಿರಲಿ, ಭಾರತವು ಪಾಕಿಸ್ತಾನವನ್ನು ಮಣಿಸಿದಾಗ ಪಟಾಕಿ ಹಚ್ಚುವುದು ತಪ್ಪಲ್ಲ. ಅದನ್ನು ಹೊತ್ತು ಮಸೀದಿಯ ಓಣಿಗೇ ಹೋಗಿ ಹಚ್ಚುವುದು ತಪ್ಪು. ಹಾಗೆ ಹಚ್ಚುವವರಿಗೊಂದು ಪ್ರಶ್ನೆ: ನೀವು ಗೆದ್ದದ್ದು ಯಾರನ್ನು?

2014ರ ಅಕ್ಟೋಬರ್ 2ರಂದು ಇಂಚಿಯಾನ್ ಏಷ್ಯನ್ ಗೇಮ್ಸ್‌ನ ಹಾಕಿ ಫೈನಲ್ 1-1 ಸಮವಾಗಿ, ಶೂಟೌಟ್‌ನಲ್ಲಿ ಭಾರತ 4-2ರಿಂದ ಪಾಕಿಸ್ತಾನವನ್ನು ಸೋಲಿಸಿತು. 16 ವರ್ಷಗಳ ಬಳಿಕ ಬಂದ ಆ ಚಿನ್ನ ಗೋಲ್‌ಕೀಪರ್ ಶ್ರೀಜೇಶ್‌ರದು, ಕೊಡಗಿನ ರಘುನಾಥ್, ಸುನಿಲ್‌ರದು. ಅಷ್ಟೇ ನಮ್ಮದೂ ಹೌದು. ನಮ್ಮ ಗೆಲುವಿನಿಂದ ನಮ್ಮನ್ನೇ ಕೆಣಕುವುದು ಯಾವ ದೇಶಪ್ರೇಮ?

1975ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಮಲೇಷ್ಯಾದೆದುರು ಭಾರತ ಸೋಲಿನಂಚಿನಲ್ಲಿತ್ತು. ಸಮಬಲದ ಗೋಲು ಹೊಡೆದವರು ಭೋಪಾಲದ ಅಸ್ಲಂ ಶೇರ್ ಖಾನ್. ಹೆಚ್ಚುವರಿ ಸಮಯದಲ್ಲಿ ಗೆಲ್ಲಿಸಿದವರು ಹರಚರಣ್ ಸಿಂಗ್. ಫೈನಲ್‌ನಲ್ಲಿ ಪಾಕಿಸ್ತಾನ ಸೋತು, ಭಾರತಕ್ಕೆ ಮೊದಲ ವಿಶ್ವಕಪ್ ದಕ್ಕಿತು. ಆ ಗೋಲಿಗೆ ಯಾವ ಧರ್ಮ?

1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದೆದುರು 1-7ರಿಂದ ಸೋತಾಗ ದ್ರೋಹಿಯೆನಿಸಿಕೊಂಡವರು ಗೋಲ್‌ಕೀಪರ್ ಮೀರ್ ರಂಜನ್ ನೇಗಿ. ಅವರು ಹಿಂದೂ. ಸಂಶಯದ ಬೆಂಕಿ ಜಾತಿ ಕೇಳಿ ಸುಡುವುದಿಲ್ಲ.

ಮುಸ್ಲಿಂ ಯುವಕರಿಗೂ ಒಂದು ಮಾತು. ಕೆಣಕಿದರೆಂದು ಕೆರಳಿ ಎದುರು ತಂಡಕ್ಕೆ ಜೈಕಾರ ಹಾಕಿದರೆ ಕೆಣಕಿದವನ ಬಲೆಗೇ ಬಿದ್ದಂತೆ. ದೇಶಪ್ರೇಮದ ಸರ್ಟಿಫಿಕೇಟು ಕೊಡುವ ಅಧಿಕಾರ ಓಣಿಯ ಪುಂಡರಿಗಿಲ್ಲ; ಅವರೆದುರು ಕೈಕಟ್ಟಿ ನಿಲ್ಲುವ ದರ್ದು ನಿಮಗೂ ಇಲ್ಲ.

ಮೊಹರಂ ಡೋಲಿಗೆ ಹಿಂದೂಗಳೂ ಹೆಗಲು ಕೊಡುವ ಸೀಮೆಯಿದು. ಇಲ್ಲಿ ಗೆಲುವಿನ ಪೇಢೆ ಎರಡೂ ಓಣಿಗಳಿಗೆ ಹಂಚುವಂಥದ್ದು. ಹಂಚಲಾಗದ ಗೆಲುವು ಆಟದ್ದಲ್ಲ, ದ್ವೇಷದ್ದು.